ಮೊಬೈಲಿನಿಂದಲೇ ಮೂರು ಕಡೆಯ ನೆಟ್‌ವರ್ಕ್ ನೋಡಿಕೊಳ್ಳಬೇಕು, ಅನುಭವ ಇರುವವರು ಹೇಳಿ

ಕೇಳಿದವರು, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮೂರು ಕಡೆ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಕುವೆಂಪುನಗರದಲ್ಲಿ ಒಂದು ರಕ್ತಪರೀಕ್ಷೆ ಲ್ಯಾಬ್, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಫ್ಯಾಕ್ಟರಿ, ಮದ್ದೂರಿನ ಹತ್ತಿರ ಒಂದು ಅಕ್ಕಿ ಗಿರಣಿ. ಎಲ್ಲ ಸೇರಿ ಐವತ್ತು ಚಿಲ್ಲರೆ ಕಂಪ್ಯೂಟರ್, ಮೂರು ರೂಟರ್, ಕಂಪ್ಯೂಟರ್‌ಗಳನ್ನು ಜೋಡಿಸುವ ಏಳು ನೆಟ್‌ವರ್ಕ್ ಸ್ವಿಚ್, ಕ್ಯಾಮೆರಾಗಳು ಬೇರೆ.

ಮುಂದಿನ ತಿಂಗಳು ತಂಗಿ ಮದುವೆ, ನಂಜನಗೂಡಿನಲ್ಲಿ ಛತ್ರ. ಲಗ್ನಪತ್ರಿಕೆ ಹಂಚುವುದು, ಜವಳಿ, ಸಾಮಾನು ಅಂತ ಹದಿನೈದು ದಿನ ಓಡಾಟ. ಲ್ಯಾಪ್‌ಟಾಪ್ ಹೊತ್ತುಕೊಂಡು ತಿರುಗೋಕೆ ಆಗಲ್ಲ. ಕೈಯಲ್ಲಿ ಇರುವುದು ಆಂಡ್ರಾಯ್ಡ್ ಫೋನ್ ಒಂದೇ. ಸದ್ಯಕ್ಕೆ ಮೂರೂ ಕಡೆ ಎನಿಡೆಸ್ಕ್ (ದೂರದ ಕಂಪ್ಯೂಟರಿನ ಪರದೆ ನೋಡಿ ನಡೆಸುವ ಆಪ್) ಹಾಕಿದ್ದೇನೆ. ಲ್ಯಾಬಿನ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ, ಅಂದರೆ ಹೊರಗಿನ ಇಂಟರ್ನೆಟ್‌ನಿಂದ ನೇರ ಅದಕ್ಕೆ ದಾರಿ ತೆರೆದಿದ್ದೇನೆ. ಗಿರಣಿಯಲ್ಲಿ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪುವ ವಿಳಾಸ, ಸಿಗುತ್ತಿಲ್ಲ. ಫೋನಿನಲ್ಲೇ ನಿಭಾಯಿಸಿದ ಅನುಭವ ಯಾರಿಗಾದರೂ ಇದೆಯಾ? ಎಲ್ಲಿ ಎಡವಿದಿರಿ ಅನ್ನುವುದನ್ನೂ ಹೇಳಿ, ನನಗೆ ಅದೇ ಜಾಸ್ತಿ ಬೇಕು.

ಮಂಡ್ಯದಿಂದ

ಮೊದಲು ಲ್ಯಾಬಿನ ಆ ಪೋರ್ಟ್ ಫಾರ್ವರ್ಡ್ ಇವತ್ತೇ ತೆಗೆಯಿರಿ, ಸರ್. ಪತ್ರಿಕೆ ಹಂಚುವುದು ನಾಳೆಯಿಂದ ಆಗಲಿ. ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್ 3389 ಹೊರಗೆ ತೆರೆದಿದ್ದರೆ ಎಲ್ಲೆಲ್ಲಿಯದೋ ಸ್ಕ್ಯಾನರ್‌ಗಳು ಹಗಲೂ ರಾತ್ರಿ ಬಂದು ಬಾಗಿಲು ಬಡಿಯುತ್ತಿರುತ್ತವೆ. 2019ರಲ್ಲಿ ಬ್ಲೂಕೀಪ್ ಅನ್ನುವ ದೋಷ ಸಿಕ್ಕಾಗ ಪಾಸ್‌ವರ್ಡೇ ಇಲ್ಲದೆ ಹಳೆಯ ವಿಂಡೋಸ್ ಒಳಗೆ ನುಗ್ಗಬಹುದಿತ್ತು. ಪೋರ್ಟ್ ನಂಬರ್ ಬದಲಾಯಿಸಿದರೆ ಸಾಕು ಅಂತ ಹೇಳುವವರಿದ್ದಾರೆ. ಅದು ಮುಂಬಾಗಿಲನ್ನು ಹಿತ್ತಲಿಗೆ ಸರಿಸಿ, ಬೀಗ ಹಾಕದೆ ಬಿಟ್ಟ ಹಾಗೆ. ಅಲ್ಲಿ ಇರುವುದು ಜನರ ರಕ್ತದ ರಿಪೋರ್ಟು, ನೆನಪಿರಲಿ.

ರೂಟರ್ ಮೈಕ್ರೋಟಿಕ್ ಕಂಪನಿಯದಾಗಿದ್ದರೆ, ಅದನ್ನು ನಡೆಸುವ ವಿನ್‌ಬಾಕ್ಸ್ ಆಪ್‌ನ ಪೋರ್ಟ್ 8291 ಕೂಡ ಹೊರಗಿನವರಿಗೆ ಕಾಣಬಾರದು. 2018ರಲ್ಲಿ ಅದರಲ್ಲೂ ಒಂದು ದೊಡ್ಡ ದೋಷ ಸಿಕ್ಕಿತ್ತು. ಅಪ್‌ಡೇಟ್ ಏಪ್ರಿಲ್‌ನಲ್ಲೇ ಬಂತು. ಹಾಕಿಕೊಳ್ಳದವರ ರೂಟರ್‌ಗಳು ಆಮೇಲೂ ಬೇರೆಯವರ ಕೈಗೆ ಹೋಗುತ್ತಲೇ ಇದ್ದವು.

ಇದರ ಬದಲಿಗೆ ವೈರ್‌ಗಾರ್ಡ್ ಹಾಕಿ, ಅದು ಇಂಟರ್ನೆಟ್ ಮೇಲೆ ಗುಪ್ತ ದಾರಿ ಕಟ್ಟುವ ವಿಪಿಎನ್. 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಕರ್ನೆಲ್ (ಲಿನಕ್ಸ್‌ನ ತಿರುಳು) ಒಳಗೇ ಇದೆ. ಮೈಕ್ರೋಟಿಕ್‌ನಲ್ಲಿ ರೂಟರ್‌ಓಎಸ್ 7 ಬೇಕು, 6ರಲ್ಲಿ ಇಲ್ಲ. ಸರಿಯಾದ ಕೀ ಇಲ್ಲದವರು ಏನು ಕಳಿಸಿದರೂ ಅದು ಉತ್ತರ ಕೊಡಲ್ಲ, ಹಾಗಾಗಿ ಅಲ್ಲೊಂದು ಬಾಗಿಲಿದೆ ಅಂತಲೇ ಸ್ಕ್ಯಾನರ್‌ಗೆ ಗೊತ್ತಾಗಲ್ಲ. ಫೋನಿಗೆ ಕ್ಯೂಆರ್ ಕೋಡ್ ತೋರಿಸಿದರೆ ಸೆಟ್ಟಿಂಗ್ ಮುಗಿಯಿತು. ನಾನು ಬಸ್ಸಿನಲ್ಲಿ ಕೂತು ವೈಫೈಯಿಂದ ಡೇಟಾಗೆ ಬದಲಾದಾಗಲೂ ಅದು ಕಡಿದುಹೋಗಿಲ್ಲ.

ಗಿರಣಿ ರೂಟರ್‌ನ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. 100.64ರಿಂದ 100.127ರ ಒಳಗೆ ಇದ್ದರೆ ಅದು ಸಿಜಿನ್ಯಾಟ್, ಅಂದರೆ ಇಂಟರ್ನೆಟ್ ಕಂಪನಿ ಒಂದೇ ಪಬ್ಲಿಕ್ ಐಪಿಯನ್ನು ಹಲವರಿಗೆ ಹಂಚಿದೆ. ಹೊರಗಿನಿಂದ ನೇರ ಒಳಗೆ ಬರೋಕೆ ದಾರಿ ಇರಲ್ಲ. ಆದರೆ ಒಳಗಿನಿಂದ ಹೊರಗೆ ಬರಬಹುದಲ್ವಾ? ಫ್ಯಾಕ್ಟರಿಯಲ್ಲಿ ಪಬ್ಲಿಕ್ ಐಪಿ ಇದ್ದರೆ ಅದನ್ನೇ ನಡುಮನೆ ಮಾಡಿಕೊಳ್ಳಿ. ಗಿರಣಿ ರೂಟರ್ ತಾನಾಗಿ ಫ್ಯಾಕ್ಟರಿಗೆ ವೈರ್‌ಗಾರ್ಡ್ ಕಟ್ಟಲಿ, ಆ ದಾರಿ ಮುಚ್ಚದ ಹಾಗೆ ಕೀಪ್‌ಅಲೈವ್ 25 ಸೆಕೆಂಡ್ ಇಡಿ. ನಿಮ್ಮ ಫೋನೂ ಫ್ಯಾಕ್ಟರಿಗೇ ಸೇರುತ್ತದೆ, ಅಲ್ಲಿಂದ ಗಿರಣಿಗೆ ದಾರಿ. ಇದು ಕಷ್ಟ ಅನ್ನಿಸಿದರೆ ಟೇಲ್‌ಸ್ಕೇಲ್ ಇದೆ, ಒಳಗೆ ಇರುವುದು ಅದೇ ವೈರ್‌ಗಾರ್ಡ್. ಒಂದು ವಿಷಯ ಮಾತ್ರ ಮೊದಲೇ ನೋಡಿಕೊಳ್ಳಿ. ಮೂರೂ ಕಡೆ ಒಳಗಿನ ವಿಳಾಸಗಳಿಗೆ 192.168.1 ಸರಣಿಯೇ ಇದ್ದರೆ ಯಾವ 192.168.1.10 ಯಾರದ್ದು ಅಂತ ಫೋನಿಗೆ ತಿಳಿಯಲ್ಲ. ಪ್ರತಿ ಜಾಗಕ್ಕೂ ಬೇರೆ ಸರಣಿ ಕೊಡಿ. ಆ ಕೆಲಸ ಅಲ್ಲೇ ಕೂತು ಮಾಡಬೇಕು, ದೂರದಿಂದಲ್ಲ.

ಈಗ ನಾನು ಎಡವಿದ ಕಥೆ. ಪಾಂಡವಪುರದ ಕಡೆ ಒಂದು ಗೋದಾಮಿನಲ್ಲಿ ರೂಟರ್ ಆಗಾಗ ಹ್ಯಾಂಗ್ ಆಗುತ್ತಿತ್ತು. ಮೊಬೈಲಿನಿಂದ ಆಫ್ ಆನ್ ಮಾಡೋಣ ಅಂತ ವೈಫೈ ಸ್ಮಾರ್ಟ್ ಪ್ಲಗ್ ತಂದು ಹಾಕಿದೆ. ಒಂದು ಭಾನುವಾರ ಮಧ್ಯಾಹ್ನ ಆಪ್ ತೆಗೆದು ಆಫ್ ಒತ್ತಿದೆ. ಆಫ್ ಆಯಿತು. ಆನ್ ಒತ್ತಿದರೆ ಪ್ಲಗ್ ಸಿಗುತ್ತಲೇ ಇಲ್ಲ. ಆ ಪ್ಲಗ್ಗಿಗೆ ಇಂಟರ್ನೆಟ್ ಕೊಡುತ್ತಿದ್ದದ್ದೇ ಆ ರೂಟರ್! ಕೂತ ಕೊಂಬೆಯನ್ನೇ ಕಡಿದುಕೊಂಡಿದ್ದೆ. ಗೋದಾಮಿಗೆ ಬೀಗ, ಬೀಗದ ಕೈ ಇಟ್ಟುಕೊಂಡವರು ಮೇಲುಕೋಟೆಗೆ ಹೋಗಿದ್ದರು. ಬೈಕ್ ಹತ್ತಿ ಅಲ್ಲಿಗೆ ಹೋಗಿ ಕೀ ತಂದು ಬಾಗಿಲು ತೆಗೆಯುವಷ್ಟರಲ್ಲಿ ಸಂಜೆ ಆರು.

ವಾಪಸ್ ಬರುವಾಗ ನಾಲೆ ಪಕ್ಕದ ಗದ್ದೆಯಲ್ಲಿ ಮೋಟಾರ್ ಓಡುತ್ತಿತ್ತು. ನಮ್ಮ ಕಡೆ ರೈತರು ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಕೊಂಡಿದ್ದಾರೆ. ಒಳಗೊಂದು ಸಿಮ್ ಇರುತ್ತದೆ. ಮನೆಯಿಂದಲೇ ಫೋನ್ ಮಾಡಿದರೆ ಮೋಟಾರ್ ಶುರು. ನಮ್ಮಪ್ಪನೂ ವರ್ಷಗಳಿಂದ ಬಳಸುತ್ತಿದ್ದಾರೆ. ಅದು ಇಂಟರ್ನೆಟ್ ಕೇಳಲ್ಲ, ರೂಟರ್ ಕೇಳಲ್ಲ. ಇದೇ ತಾನೇ ನನಗೆ ಬೇಕಾಗಿದ್ದದ್ದು ಅಂತ ಆಗ ಹೊಳೆಯಿತು.

ಮೋಟಾರಿನ ಸ್ಟಾರ್ಟರ್ರೇ ಬೇಕಿಲ್ಲ. ಸಿಮ್ ಹಾಕುವ ಸಣ್ಣ ರಿಲೇ ಬೋರ್ಡ್ ಸಿಗುತ್ತದೆ. ಅದನ್ನು 230 ವೋಲ್ಟ್ ಲೈನಿಗೆ ಹಾಕದೆ, ರೂಟರ್ ಅಡಾಪ್ಟರ್‌ನ 12 ವೋಲ್ಟ್ ತಂತಿಯ ನಡುವೆ ಹಾಕಿದೆ. ರಿಲೇಯ ಎನ್‌ಸಿ (ರಿಲೇ ಸುಮ್ಮನಿದ್ದಾಗ ಕರೆಂಟ್ ಹರಿಯುವ) ಕಡೆಗೆ ಜೋಡಿಸಿ, ಅಂದರೆ ಬೋರ್ಡ್ ಕೆಟ್ಟರೂ ರೂಟರ್ ಆನ್ ಆಗಿಯೇ ಇರುತ್ತದೆ. ಮಿಸ್ ಕಾಲ್ ಕೊಟ್ಟರೆ ಹತ್ತು ಸೆಕೆಂಡ್ ಆಫ್ ಆಗಿ ತಾನೇ ಆನ್ ಆಗುವ ಹಾಗೆ ಇಟ್ಟಿದ್ದೇನೆ. ನನ್ನ ಮತ್ತು ತಮ್ಮನ ನಂಬರ್ ಬಿಟ್ಟು ಬೇರೆ ನಂಬರ್‌ಗೆ ಅದು ಓಗೊಡಲ್ಲ. ಬೋರ್ಡ್ 2ಜಿ ಆಗಿದ್ದರೆ ಜಿಯೋ ಸಿಮ್ ನಡೆಯಲ್ಲ, ಆ ಕಂಪನಿಗೆ 2ಜಿ ಇಲ್ಲ. ರೀಚಾರ್ಜ್ ದಿನಾಂಕವನ್ನು ಫೋನಿನ ಕ್ಯಾಲೆಂಡರ್‌ಗೆ ಹಾಕಿಕೊಳ್ಳಿ. ನಾನು ಮರೆತು, ಬೇಕಾದ ದಿನವೇ ಸಿಮ್ ಸುಮ್ನೆ ಕೂತಿತ್ತು.

ಮೈಸೂರು, ಒಂದು ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್

ಮೇಲಿನವರು ಹೇಳಿದ್ದು ಒಳಗೆ ಹೋಗುವ ದಾರಿ. ಒಳಗೆ ಹೋದ ಮೇಲೆ ಕೈ ತಪ್ಪುತ್ತದಲ್ಲ, ಅದರ ಬಗ್ಗೆ ನಾನು ಹೇಳುತ್ತೇನೆ. ನಿಮಗೆ ಬೇಕಾಗಿರುವುದೂ ಅದೇ ಅನ್ನಿಸುತ್ತದೆ.

ಎರಡು ವರ್ಷದ ಹಿಂದೆ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಹೊಸ ಲ್ಯಾಬಿಗೆ ವಿಲ್ಯಾನ್ 30 (ಅದೇ ಸ್ವಿಚ್‌ಗಳೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಬೇಕು ಅಂತ ಕಾಲೇಜಿನಿಂದ ಫೋನ್ ಬಂತು. ಟೋಕನ್ ಕೂಗುವವರೆಗೆ ಮುಗಿಸೋಣ ಅಂತ ಕುರ್ಚಿಯಲ್ಲೇ ಸ್ವಿಚ್ಚಿಗೆ ಲಾಗಿನ್ ಆದೆ. ಸಿಸ್ಕೊ ಬಗೆಯ ಸ್ವಿಚ್‌ನಲ್ಲಿ ಟ್ರಂಕ್ ಪೋರ್ಟ್‌ಗೆ (ಹಲವು ವಿಲ್ಯಾನ್ ಒಟ್ಟಿಗೆ ಸಾಗುವ ಪೋರ್ಟ್) ಹೊಸ ವಿಲ್ಯಾನ್ ಸೇರಿಸುವಾಗ 'ಅಲೌಡ್ ವಿಲ್ಯಾನ್ ಆ್ಯಡ್ 30' ಅಂತ ಬರೆಯಬೇಕು. ಸಣ್ಣ ಪರದೆ, ಅರ್ಧ ಸಾಲು ಕೀಬೋರ್ಡಿನ ಹಿಂದೆ ಮರೆಯಾಗಿತ್ತು. 'ಆ್ಯಡ್' ಬಿಟ್ಟುಹೋಯಿತು. ಆಗ ಅದು ಸೇರಿಸಲ್ಲ, ಹಳೆಯ ಪಟ್ಟಿಯನ್ನೆಲ್ಲ ಅಳಿಸಿ 30 ಒಂದನ್ನೇ ಉಳಿಸುತ್ತದೆ. ನಾನು ಲಾಗಿನ್ ಆಗಿದ್ದ ಮ್ಯಾನೇಜ್‌ಮೆಂಟ್ ವಿಲ್ಯಾನೂ ಅಳಿಸಿಹೋಯಿತು. ಎಂಟರ್ ಒತ್ತಿದ ತಕ್ಷಣ ಕರ್ಸರ್ ನಿಂತಿತು. ಅದೇ ಹೊತ್ತಿಗೆ ಅಮ್ಮನ ಟೋಕನ್ ಕೂಗಿದರು. ಆ ಕ್ಷಣ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಏನನ್ನೇ ಬದಲಾಯಿಸುವ ಮೊದಲು 'ರೀಲೋಡ್ ಇನ್ 10' ಕೊಡುತ್ತೇನೆ. ಹತ್ತು ನಿಮಿಷದ ಮೇಲೆ ಸ್ವಿಚ್ ತಾನೇ ರೀಸ್ಟಾರ್ಟ್ ಆಗುತ್ತದೆ. ನಾನು ಸೇವ್ ಮಾಡದೇ ಇದ್ದರೆ ಹಳೆಯ ಕಾನ್ಫಿಗರೇಶನ್ನಿನಲ್ಲೇ ಏಳುತ್ತದೆ. ಎಲ್ಲ ಸರಿ ಇದ್ದರೆ 'ರೀಲೋಡ್ ಕ್ಯಾನ್ಸಲ್', ಆಮೇಲೆ ಸೇವ್. ಜುನಿಪರ್‌ನಲ್ಲಿ ಇದಕ್ಕೆ 'ಕಮಿಟ್ ಕನ್ಫರ್ಮ್ಡ್' ಅಂತಿದೆ. ಹತ್ತು ನಿಮಿಷದಲ್ಲಿ ನೀವು ಮತ್ತೆ ಒಪ್ಪಿಗೆ ಕೊಡದಿದ್ದರೆ ಹಿಂದಿನದಕ್ಕೇ ಮರಳುತ್ತದೆ. ಮೈಕ್ರೋಟಿಕ್‌ನಲ್ಲಿ ಸೇಫ್ ಮೋಡ್ ಇದೆ, ಟರ್ಮಿನಲ್‌ನಲ್ಲಿ ಕಂಟ್ರೋಲ್ ಎಕ್ಸ್. ಸಂಪರ್ಕ ಕಡಿದರೆ ಸುಮಾರು 9 ನಿಮಿಷದಲ್ಲಿ ಮಾಡಿದ್ದೆಲ್ಲ ರದ್ದಾಗುತ್ತದೆ. ಆ 9 ನಿಮಿಷ ಗಾಬರಿಯಾಗಿ ಯಾರಿಗೂ ಫೋನ್ ಮಾಡಿ ಪ್ಲಗ್ ಕೀಳಿಸಬೇಡಿ, ಕಾಯಿರಿ.

ಇನ್ನು ರೈಲು. ಬೆಂಗಳೂರಿನಿಂದ ಬರುವಾಗ ಸಿಗ್ನಲ್ ಹೋಗಿ ಬಂದು ಮಾಡುತ್ತದೆ. ಬರೀ ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ದಾರಿ) ಆದರೆ ಪ್ರತಿ ಸಲವೂ ಕಡಿಯುತ್ತದೆ. ಎಂಐಟಿಯವರು 2012ರಲ್ಲಿ ಬಿಡುಗಡೆ ಮಾಡಿದ ಮಾಷ್ ಇಂಥ ಕಡೆಗೆಂದೇ ಮಾಡಿದ್ದು. ಐಪಿ ಬದಲಾದರೂ, ಫೋನ್ ಅರ್ಧ ಗಂಟೆ ಮಲಗಿ ಎದ್ದರೂ, ನೀವು ಬಿಟ್ಟ ಜಾಗದಲ್ಲೇ ಇರುತ್ತೀರಿ. ರೂಟರ್, ಸ್ವಿಚ್ಚಿಗೆ ಅದು ನೇರ ಸಿಗಲ್ಲ. ಹಾಗಾಗಿ ಪ್ರತಿ ಕಡೆ ಒಂದು ರಾಸ್‌ಬೆರಿ ಪೈ (ಅಂಗೈಯಷ್ಟು ಸಣ್ಣ ಕಂಪ್ಯೂಟರ್) ಇಟ್ಟು, ಅದರಲ್ಲಿ ಟಿಮಕ್ಸ್ ಪ್ರೋಗ್ರಾಂ ಹಾಕಿ, ಅಲ್ಲಿಂದ ಸ್ವಿಚ್ಚಿಗೆ ಹೋಗಿ. ಫೋನ್ ಕಡಿದರೂ ಪೈ ಕೆಲಸ ಮುಂದುವರಿಸುತ್ತದೆ. ಫರ್ಮ್‌ವೇರ್ ಅಪ್‌ಡೇಟ್ ಮಾತ್ರ ಓಡಾಟದಲ್ಲಿ ಬೇಡವೇ ಬೇಡ. ಮದುವೆ ಮುಗಿದ ಮೇಲೆ ಮಾಡಿ.

ಕೀಬೋರ್ಡ್ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಫೋನಿನಲ್ಲಿ ಕನ್ನಡ ಕೀಬೋರ್ಡ್ ಇರುತ್ತದೆ. ಪಾಸ್‌ವರ್ಡ್ ಬರೆಯುವಾಗ ಪರದೆಯಲ್ಲಿ ಏನೂ ಕಾಣಲ್ಲ, ಕನ್ನಡದಲ್ಲೇ ಮೂರು ಸಲ ಒತ್ತಿ ಲಾಕ್ ಆಗಿದ್ದೇನೆ. ಆಟೋ ಕರೆಕ್ಟ್ ತೆಗೆದುಹಾಕಿ, ವಾಕ್ಯದ ಮೊದಲಕ್ಷರ ದೊಡ್ಡದು ಮಾಡುವುದನ್ನೂ ತೆಗೆಯಿರಿ. ಫೋನಿನಲ್ಲಿ ಕಮಾಂಡ್ ಬರೆಯುವ ಆಪ್ ಟರ್ಮಕ್ಸ್‌ನಲ್ಲಿ ಎಸ್ಕೇಪ್, ಕಂಟ್ರೋಲ್ ಇರುವ ಹೆಚ್ಚುವರಿ ಸಾಲು ಇದೆ, ಕನೆಕ್ಟ್‌ಬಾಟ್ ಕೂಡ ಒಳ್ಳೆಯದು. ಪದೇ ಪದೇ ಬೇಕಾಗುವ ಉದ್ದದ ಕಮಾಂಡ್‌ಗಳನ್ನು ಪೈನಲ್ಲೇ ಎರಡಕ್ಷರದ ಹೆಸರಿಗೆ ಕಟ್ಟಿಡಿ. ಬೆರಳಿಗೆ ಕೆಲಸ ಕಡಿಮೆ ಆದಷ್ಟೂ ತಪ್ಪು ಕಡಿಮೆ.

ಕೇಳಿದವರು

ಮಂಡ್ಯದ ಸರ್, ಪೋರ್ಟ್ ಮುಚ್ಚಿದೆ. ಮೇಡಂ, 'ಆ್ಯಡ್' ಕಥೆ ಓದಿ ಬೆವರು ಬಂತು. ನಾನು ಹಾಗೆ ಮಾಡದೆ ಇದ್ದದ್ದು ಬರೀ ಅದೃಷ್ಟ. ಎರಡು ಪ್ರಶ್ನೆ. ಎನಿಡೆಸ್ಕ್ ಪೂರ್ತಿ ತೆಗೆಯಲಾ? ಮದುವೆ ಗದ್ದಲದಲ್ಲಿ ಫೋನೇ ಕಳೆದುಹೋದರೆ?

ಸರಸ್ವತಿಪುರಂ, ಮೈಸೂರು

ಗಿರಣಿ ಗುಮಾಸ್ತರಿಗೆ ಎಕ್ಸೆಲ್ ತೋರಿಸಿಕೊಡೋಕೆ ಪರದೆ ನೋಡಬೇಕಾಗುತ್ತದೆ, ಅದಕ್ಕೆ ಎನಿಡೆಸ್ಕ್ ಇರಲಿ. ಆದರೆ ಫೋನಿನಲ್ಲಿ ಕೋಡ್ ಕೇಳುವ ಅಭ್ಯಾಸ ಬಿಡಿ. ಇಂಥ ಆಪ್ ಹಾಕಿಸಿ ಯುಪಿಐ ಹಣ ದೋಚುತ್ತಿದ್ದಾರೆ ಅಂತ 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎಚ್ಚರಿಸಿತ್ತು. ಇವತ್ತು ನಿಮಗೆ ಕೋಡ್ ಹೇಳಿದ ಗುಮಾಸ್ತರು ನಾಳೆ ಕಳ್ಳನಿಗೂ ಅಷ್ಟೇ ವಿಶ್ವಾಸದಿಂದ ಹೇಳುತ್ತಾರೆ, ತಪ್ಪು ಅವರದಲ್ಲ. ನಿಮಗೇ ಒಂದು ಪಾಸ್‌ವರ್ಡ್ ಇಟ್ಟು, 'ನಾನು ಯಾವತ್ತೂ ಕೋಡ್ ಕೇಳಲ್ಲ, ಕೇಳಿದವರು ನಾನಲ್ಲ' ಅಂತ ಹೇಳಿಬಿಡಿ.

ಫೋನ್ ಕಳೆದರೆ: ಫೋನಿಗೆ ಬೇರೆಯೇ ಎಸ್‌ಎಸ್‌ಎಚ್ ಕೀ, ಬೇರೆಯೇ ವೈರ್‌ಗಾರ್ಡ್ ಕೀ ಮಾಡಿ. ಲ್ಯಾಪ್‌ಟಾಪ್‌ನದನ್ನು ಕಾಪಿ ಮಾಡಬೇಡಿ. ಕಳೆದ ದಿನ ಆ ಒಂದು ಕೀ ಅಳಿಸಿದರೆ ಸಾಕು, ಮಿಕ್ಕಿದ್ದು ಹಾಗೇ ಇರುತ್ತದೆ. ಅಳಿಸೋಕೆ ಇನ್ನೊಬ್ಬರು ಬೇಕಲ್ಲ? ನಂಬಿಕಸ್ತ ಸ್ನೇಹಿತರೊಬ್ಬರಿಗೆ ಈಗಲೇ ತೋರಿಸಿಕೊಡಿ. ಒಟಿಪಿ ಆಪ್‌ನ ಬ್ಯಾಕಪ್ ಕೋಡ್ ಕಾಗದದಲ್ಲಿ ಬರೆದು ಮನೆ ಬೀರುವಿನಲ್ಲಿಡಿ. ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. 2023ರಲ್ಲಿ ಶುರುವಾದ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಫೋನ್ ಬ್ಲಾಕ್ ಮಾಡಿಸಲು ಅದು ಬೇಕು, ಜೊತೆಗೆ ಪೊಲೀಸ್ ದೂರಿನ ಪ್ರತಿಯೂ ಬೇಕು.

ಮಂಡ್ಯದಿಂದ

ಬಿಟ್ಟುಹೋದದ್ದು ಒಂದಿದೆ. ನೆಟ್ ಹೋಗಿದೆ ಅಂತ ಗಿರಣಿಯವರು ಬೈಯುವ ಮೊದಲೇ ನಿಮಗೆ ಗೊತ್ತಾಗಬೇಕು. ಪೈನಲ್ಲಿ ಅಪ್‌ಟೈಮ್ ಕೂಮಾ (ಲೈನ್ ಇದೆಯಾ ಅಂತ ನೋಡುತ್ತಲೇ ಇರುವ ಪ್ರೋಗ್ರಾಂ) ಹಾಕಿ, ಟೆಲಿಗ್ರಾಂಗೆ ಸಂದೇಶ ಬರುತ್ತದೆ. ಆದರೆ ಗಿರಣಿಯನ್ನು ಗಿರಣಿಯೊಳಗಿನ ಪೈ ಕಾಯಬಾರದು. ಲೈನೇ ಹೋದರೆ ಅದು ಹೇಗೆ ಹೇಳುತ್ತದೆ? ಫ್ಯಾಕ್ಟರಿ ಪೈ ಗಿರಣಿಯನ್ನೂ ಲ್ಯಾಬನ್ನೂ ಕಾಯಲಿ, ಲ್ಯಾಬಿನದು ಫ್ಯಾಕ್ಟರಿಯನ್ನು ಕಾಯಲಿ. ಫೋನಿನಲ್ಲಿ ವೈರ್‌ಗಾರ್ಡ್‌ಗೆ ಬ್ಯಾಟರಿ ಉಳಿತಾಯ ತೆಗೆಯಿರಿ, ಇಲ್ಲದಿದ್ದರೆ ಆಂಡ್ರಾಯ್ಡ್ ಅದನ್ನು ಮಲಗಿಸಿಬಿಡುತ್ತದೆ.

ಕೇಳಿದವರು, ಐದು ವಾರದ ಮೇಲೆ

ಮದುವೆ ಚೆನ್ನಾಗಿ ಆಯಿತು. ಹೇಳಿದ್ದೆಲ್ಲ ಮಾಡಿಕೊಂಡೇ ಹೊರಟಿದ್ದೆ. ಸರಣಿ ಬದಲಾಯಿಸೋಕೆ ಮೂರೂ ಕಡೆ ಒಂದೊಂದು ಭಾನುವಾರ ಹೋಯಿತು. ಸೇಫ್ ಮೋಡ್ ಒಂದು ಸಲ ನಿಜವಾಗಿಯೂ ಕಾಪಾಡಿತು. ದೇವರಾಜ ಮಾರುಕಟ್ಟೆಯಲ್ಲಿ ಹೂವಿನ ಲೆಕ್ಕ ಮಾಡುತ್ತಾ ಫೈರ್‌ವಾಲ್ ನಿಯಮದ ಸಾಲನ್ನು ಮೇಲೆ ಕೆಳಗೆ ಮಾಡಿಬಿಟ್ಟೆ, ಹೊರಗೆ ಬಿದ್ದೆ. ಮೇಡಂ ಹೇಳಿದ ಹಾಗೆ ಸುಮ್ನೆ ಕಾದೆ. ಹೂವಿನವರಿಗೆ ದುಡ್ಡು ಕೊಟ್ಟು ಬುಟ್ಟಿ ಎತ್ತುವಷ್ಟರಲ್ಲಿ ಮತ್ತೆ ಲಾಗಿನ್ ಆಯಿತು.

ಮದುವೆ ದಿನ ಧಾರೆ ಮುಗಿದು ಎಲೆ ಮುಂದೆ ಕೂತಾಗ ಟೆಲಿಗ್ರಾಂ ಬಂತು, ಗಿರಣಿ ಡೌನ್. ಎಡಗೈಯಲ್ಲಿ ಸಿಮ್ ಬೋರ್ಡ್‌ಗೆ ಮಿಸ್ ಕಾಲ್ ಕೊಟ್ಟೆ. ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೆ ಗಿರಣಿ ಅಪ್ ಅಂತ ಬಂತು. ಪಕ್ಕದಲ್ಲಿ ಕೂತಿದ್ದ ಮಾವ ಯಾರಿಗೆ ಫೋನ್ ಅಂದರು. ಮದ್ದೂರಿಗೆ ಅಂದೆ.

ಇನ್ನೊಂದೇ ಉಳಿದಿದೆ. ಕರೆಂಟ್ ಜಾಸ್ತಿ ಹೊತ್ತು ಹೋದರೆ ಗಿರಣಿಯ ಮಿನಿ ಯುಪಿಎಸ್ ಸಾಲುತ್ತಿಲ್ಲ, ಎರಡು ಗಂಟೆಗೆ ಮಲಗುತ್ತದೆ.

ಮಂಡ್ಯದಿಂದ

ತಂಗಿಗೆ ನಮ್ಮ ಕಡೆಯಿಂದಲೂ ಆಶೀರ್ವಾದ. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಅಂದರೆ 84 ವ್ಯಾಟ್ ಅವರ್. ನಿಮ್ಮ ರೂಟರ್, ಪೈ, ಫೈಬರ್ ಡಬ್ಬಿ ಸೇರಿ ಎಷ್ಟು ವ್ಯಾಟ್ ಎಳೆಯುತ್ತವೆ ಅಂತ ಮೊದಲು ಅಳೆಯಿರಿ. ಹದಿನೈದು ವ್ಯಾಟ್ ಒಳಗಿದ್ದರೆ ನಾಲ್ಕು ಗಂಟೆ ಧಾರಾಳವಾಗಿ ಬರುತ್ತದೆ. ಅಳತೆ ಇಲ್ಲಿ ಹಾಕಿ, ಚಾರ್ಜರ್ ಯಾವುದು ಅಂತ ನೋಡಿ ಹೇಳುತ್ತೇನೆ.