ಶನಿವಾರದ ಫ್ಯೂಷನ್ ಕಾರ್ಯಕ್ರಮ: ಈ ಸಲ ಮೊದಲೇ ಮಾತಾಡೋಣ

ಮನೆ 14: ಎಲ್ಲರಿಗೂ ನಮಸ್ಕಾರ. ನಮ್ಮ ಅಡ್ಡರಸ್ತೆ ಕೊನೆಯ ಕೆಫೆ ಮಹಡಿಯಲ್ಲಿ ಈ ಶನಿವಾರ ಮತ್ತೆ ಜಾಝ್ ಫ್ಯೂಷನ್ (ಜಾಝ್ ಜೊತೆ ನಮ್ಮ ಸಂಗೀತ ಬೆರೆಸಿದ್ದು) ಇದೆ, ಪೋಸ್ಟರ್ ನೋಡಿರುತ್ತೀರಿ. ಹೋದ ತಿಂಗಳದ್ದು ನೆನಪಿದೆ ಅಲ್ವಾ? ಹತ್ತೂಮುಕ್ಕಾಲಾದರೂ ನಿಲ್ಲಲಿಲ್ಲ, ನಮ್ಮ ಗೇಟಿಗೆ ಅಡ್ಡ ಮೂರು ಬೈಕು, ಒಂದು ಕಾರು. ಬೇಸ್ ಬಂದಾಗಲೆಲ್ಲ ಅಡುಗೆಮನೆ ಸ್ಟ್ಯಾಂಡಿನ ಸ್ಟೀಲ್ ತಟ್ಟೆಗಳು ಒಂದಕ್ಕೊಂದು ತಾಗಿ ಜಿರ್‍ರ್ ಅನ್ನುತ್ತಿದ್ದವು. ಆಮೇಲೆ ಬೈಯುವ ಬದಲು ಈಗಲೇ ಹೋಗಿ ಮಾತಾಡೋಣ. ಯಾರು ಬರುತ್ತೀರಿ?

ಮನೆ 22: ಮಾತಾಡೋದೇನು ಸಾರ್, 112ಕ್ಕೆ ಫೋನ್ ಮಾಡಿದರೆ ಆಯ್ತು. ನಮ್ಮತ್ತೆ ಅವತ್ತು ರಾತ್ರಿಯಿಡೀ ಕೂತೇ ಇದ್ದರು. ನಮ್ಮ ಊರಿಗೆ ಈ ವಿದೇಶಿ ಗಲಾಟೆ ಯಾಕೆ ಬೇಕು ಅಂತ?

ಮನೆ 9, ಮೇಲ್ಮಹಡಿ: ಮೇಡಂ, ನಿಮ್ಮ ಸಿಟ್ಟು ಸರಿ, ಆದರೆ ವಿದೇಶಿ ಅನ್ನಬೇಡಿ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು, ಅಂದರೆ ಮೃದಂಗದ ಟಿ.ಎ.ಎಸ್. ಮಣಿ, ಗಾಯಕಿ ರಮಾಮಣಿ ಎಲ್ಲ ಸೇರಿ, ಅಮೆರಿಕದ ಜಾಝ್ ಸ್ಯಾಕ್ಸೋಫೋನಿನ ಚಾರ್ಲಿ ಮರಿಯಾನೊ ಜೊತೆ 1983ರಲ್ಲೇ ರೆಕಾರ್ಡ್ ಮಾಡಿದ್ದಾರೆ. ಕದ್ರಿ ಗೋಪಾಲನಾಥರು ಜಾಝ್‌ನವರ ಜೊತೆ ನುಡಿಸಿಲ್ವಾ?

ನಾನೂ ಮೃದಂಗ ಕಲಿಯುತ್ತಿದ್ದೇನೆ, ಅದಕ್ಕೇ ಹೇಳುತ್ತೇನೆ, ತೊಂದರೆ ಇರುವುದು ಡ್ರಮ್ ಸೆಟ್ಟಿನಲ್ಲಿ. ಸಣ್ಣ ಜಾಗದಲ್ಲಿ ಅದನ್ನು ಕೋಲಿನಿಂದ ಬಾರಿಸಿದರೆ ಮೃದಂಗ, ಘಟ ಕೇಳಿಸುವುದೇ ಇಲ್ಲ. ಅವಕ್ಕೆ ಮೈಕ್ ಏರಿಸುತ್ತಾರೆ, ಆಗ ಬೇಸ್ ಗಿಟಾರಿನವನು ತನ್ನದು ಏರಿಸುತ್ತಾನೆ, ಆಮೇಲೆ ಸ್ಯಾಕ್ಸೋಫೋನು, ಹೀಗೆ ಅರ್ಧ ಗಂಟೆಯಲ್ಲಿ ಎಲ್ಲ ಮೇಲೆ ಹೋಗಿರುತ್ತದೆ. ಎಪ್ಪತ್ತರ ದಶಕದ 'ಶಕ್ತಿ' ಅನ್ನುವ ಫ್ಯೂಷನ್ ತಂಡದಲ್ಲಿ ಗಿಟಾರು, ಪಿಟೀಲು, ತಬಲಾ, ಘಟ ಇದ್ದವು, ಡ್ರಮ್ ಸೆಟ್ಟೇ ಇರಲಿಲ್ಲ. ಇವರಿಗೆ ಡ್ರಮ್ ಬೇಕೇ ಬೇಕಾದರೆ ಮೈಕ್ ಇಲ್ಲದೆ, ಕೋಲಿನ ಬದಲು ಮೆಲ್ಲನೆ ಸದ್ದಾಗುವ ತಂತಿ ಬ್ರಷ್‌ನಲ್ಲಿ ನುಡಿಸಲಿ.

ಮನೆ 22: ಸರಿಯಪ್ಪ. ಕಿಟಕಿ ಮುಚ್ಚಿದರೂ ಆ ಧಂ ಧಂ ಒಳಗೆ ಬರುತ್ತಲ್ಲ, ಅದಕ್ಕೇನು?

ಮನೆ 9, ಮೇಲ್ಮಹಡಿ: ಅದು ಸಬ್‌ವೂಫರ್, ಅಂದರೆ ಬೇಸ್ ಸದ್ದಿಗೇ ಇರುವ ದೊಡ್ಡ ಸ್ಪೀಕರ್. 50 ಹರ್ಟ್ಜ್‌ನಂಥ ತಗ್ಗು ಸದ್ದಿನ ಅಲೆ ಒಂದೊಂದೂ ಸುಮಾರು 7 ಮೀಟರ್ ಉದ್ದ, ಕಿಟಕಿ ಗಾಜೆಲ್ಲ ಅದಕ್ಕೆ ಲೆಕ್ಕಕ್ಕಿಲ್ಲ. ನಲವತ್ತು ಜನಕ್ಕೆ ಸಬ್‌ವೂಫರ್ ಬೇಡವೇ ಬೇಡ ಅಂತ ಹೇಳೋಣ. ಇಡುತ್ತೇವೆ ಅಂದರೆ, ಕೆಳಗೆ ದಪ್ಪ ರಬ್ಬರ್ ಹಾಕಿ ಸದ್ದು ತಗ್ಗಿಸಲಿ.

ಮನೆ 17: ನಿಯಮ ನಾನು ಓದಿದ್ದೇನೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಧ್ವನಿವರ್ಧಕಕ್ಕೆ ಬರಹದಲ್ಲಿ ಅನುಮತಿ ಬೇಕು. ಸಭಾಂಗಣದಂಥ ಮುಚ್ಚಿದ ಜಾಗಕ್ಕೆ 10ರ ನಂತರ ಒಂದಿಷ್ಟು ವಿನಾಯಿತಿ ಇದೆ, ಅವರು ಅದನ್ನೇ ಹಿಡಿದುಕೊಳ್ಳಬಹುದು. ಆದರೆ ಅದು ಬರೀ ಶೀಟ್ ಹಾಕಿದ ಮಹಡಿ, ಮೂರು ಕಡೆ ತೆರೆದಿದೆ. ಯಾವ ಸಭಾಂಗಣ ಅದು! ಅನುಮತಿ ಪತ್ರ ತೋರಿಸಿ ಅಂತ ಕೇಳಿ, ಜಗಳ ಬೇಡ.

ಮನೆ 3: ನಾನು ಊರಲ್ಲಿಲ್ಲ, ಆದರೆ ಒಪ್ಪಿಗೆ. ಪಾರ್ಕಿಂಗ್ ಮರೀಬೇಡಿ ದಯವಿಟ್ಟು, ಅವತ್ತು ಆಂಬುಲೆನ್ಸ್ ಬಂದಿದ್ದರೆ ಒಳಗೆ ತಿರುಗುತ್ತಲೇ ಇರಲಿಲ್ಲ.

ಮನೆ 14: ನಾನು, 9, 17 ಮೂವರೂ ಸಂಜೆ ಹೋಗಿ ಬಂದೆವು. ಕೆಫೆ ಹುಡುಗ ಒಳ್ಳೆಯವನೇ, ಕಾಫಿ ಕೊಟ್ಟ. ಆರೂವರೆಗೆ ಶುರು, ಒಂಬತ್ತೂವರೆಗೆ ಮುಗಿಸುತ್ತೇನೆ ಅಂದಿದ್ದಾನೆ. ಸ್ಪೀಕರ್ ಮುಖ ಖಾಲಿ ಸೈಟ್ ಕಡೆಗೆ. ಗಾಡಿ ನೋಡಿಕೊಳ್ಳಲು ಇಬ್ಬರನ್ನು ನಿಲ್ಲಿಸುತ್ತಾನಂತೆ. ಅನುಮತಿ ಪತ್ರ ಇನ್ನೂ ಇಲ್ಲ, ನಾಳೆ ತೋರಿಸುತ್ತಾನೆ. ಡ್ರಮ್ ವಿಷಯಕ್ಕೆ ಮಾತ್ರ ತಲೆ ಕೆರೆದುಕೊಂಡ, ತಂಡದವರನ್ನೇ ಕೇಳಿ ಅಂದ.

ಮನೆ 22: ನಾಳೆ ಪತ್ರ ಬರದಿದ್ದರೆ ನಾನೇ ಠಾಣೆಗೆ ಹೋಗುತ್ತೇನೆ.

ಮನೆ 14: ಆಯ್ತು ಮೇಡಂ. ಶನಿವಾರ ನಾಲ್ಕಕ್ಕೆ ಸೌಂಡ್ ಚೆಕ್. 9ರವರು ಕೆಫೆ ಮಹಡಿಯಲ್ಲಿ ಸೌಂಡ್ ಮಿಕ್ಸರ್ ಹತ್ತಿರ ನಿಲ್ಲಿ, ನಾನು ಅಡುಗೆಮನೆಯಲ್ಲಿ ತಟ್ಟೆ ನೋಡುತ್ತಿರುತ್ತೇನೆ. ಅಲುಗಾಡಿದರೆ ಫೋನ್ ಮಾಡುತ್ತೇನೆ.