ಸಹಾಯ ಬೇಕು: ಈ ಚಳೀಲಿ ಕಪ್ಪೆ ಎಲ್ಲಿ ಹುಡುಕೋದು?

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವನು. ಸಂಕ್ರಾಂತಿ ಹಿಂದಿನ ಭಾನುವಾರ ನಮ್ಮ ಓಣಿ ಮಕ್ಕಳನ್ನ ಚಂದ್ರವಳ್ಳಿ ಕಡೆ ಕರ್ಕೊಂಡು ಹೋಗ್ತಿದ್ದೀನಿ. ಕಪ್ಪೆ ತೋರಿಸ್ತೀನಿ ಅಂತ ಬಾಯಿ ತಪ್ಪಿ ಹೇಳಿಬಿಟ್ಟು ಈಗ ಪೇಚಿಗೆ ಸಿಕ್ಕೊಂಡಿದ್ದೀನಿ.

ಮೊನ್ನೆ ಒಬ್ಬನೇ ಹೋಗಿ ನೋಡಿ ಬಂದೆ. ಕೆರೆ ಅಂಚಲ್ಲಿ ಕಣ್ಣಷ್ಟೇ ಮೇಲಿಟ್ಟು ತೇಲುತ್ತಲ್ಲ, ಹತ್ರ ಹೋದ್ರೆ ನೀರ ಮೇಲೇ ಪಟಪಟ ಜಿಗಿದು ಓಡೋದು, ಅಂಥವು ಮೂರು ಸಿಕ್ವು. ಮುಂಗಾರಲ್ಲಿ ಅರಿಶಿನ ಬಳ್ಕೊಂಡಂಗೆ ಹಳದಿಯಾಗಿ ವಟಗುಟ್ಟೋ ದೊಡ್ಡ ಕಪ್ಪೆ ಒಂದೂ ಇಲ್ಲ. ಅವು ಈಗ ಮಣ್ಣೊಳಗೆ ಸೇರಿರ್ತಾವೆ, ಗೊತ್ತು.

ವಾಪಸ್ ಬರುವಾಗ ಒಂದು ಒದ್ದೆ ಕಲ್ಲು ಎತ್ತಿದೆ. ಕೆಳಗೆ ನಿಂಬೆಹಣ್ಣಿನಷ್ಟು ದುಂಡಗೆ, ಮಣ್ಣಿನ ಬಣ್ಣದ್ದು, ಮೊಂಡು ಮೂತಿಯದ್ದು ಕೂತಿತ್ತು. ಫೋನ್ ತೆಗೆಯೋಷ್ಟರಲ್ಲಿ ಹಿಂಗಾಲಲ್ಲಿ ಮಣ್ಣು ತಳ್ಳುತ್ತಾ ಹಿಮ್ಮುಖವಾಗಿ ಇಳಿದುಹೋಯ್ತು. ಇದು ಯಾವ ಕಪ್ಪೆ? ಕಲ್ಲನ್ನ ಇದ್ದಂಗೇ ಇಟ್ಟು ಬಂದೆ. (ಪಕ್ಕದ ಕಲ್ಲಡಿ ಚೇಳಿತ್ತು. ಹಾಗಾಗಿ ಮಕ್ಕಳ ಕೈಲಿ ಕಲ್ಲು ಎತ್ತಿಸೋ ಮಾತೇ ಇಲ್ಲ.)

ಮುಟ್ಟಿಸೋದೂ ಇಲ್ಲ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತೆ, ನಮ್ಮ ಕೈಯ ಸೋಪು, ಕ್ರೀಮು ಅದಕ್ಕೆ ಯಾಕೆ? ಹಾಗಾದ್ರೆ ನೋಡೋಕೆ ಬೆಳಗ್ಗೆ ಹೊತ್ತು ಒಳ್ಳೇದೋ, ಮುಸ್ಸಂಜೆಯೋ? ಕತ್ತಲಾದ್ರೆ ಆ ಕಡೆ ಕರಡಿ ಭಯ. ಊರೊಳಗೇ ಸಂತೆ ಹೊಂಡ, ಸಿಹಿನೀರು ಹೊಂಡದ ಹತ್ರ ಯಾರಾದ್ರೂ ಈಚೆಗೆ ಕಪ್ಪೆ ನೋಡಿದ್ದೀರಾ? ಜೋಗಿಮಟ್ಟಿಗೆ ಮಕ್ಕಳ ಜೊತೆ ಹೋಗೋಕೆ ಅರಣ್ಯ ಇಲಾಖೇಲಿ ಯಾರನ್ನ ಕೇಳಬೇಕು?

ಏನೂ ಆಗದಿದ್ರೆ ನಮ್ಮ ಬಚ್ಚಲುಮನೆ ಗೋಡೆಗೆ ಅಂಟಿಕೊಂಡಿರೋ ಮರಗಪ್ಪೇನೇ ಗತಿ.