‘ನ್ಯಾಯವ್ಯಾಪ್ತಿ’ ಎಂಬುದು ಎಲ್ಲೆಯೋ, ಅಧಿಕಾರವೋ?

ತೀರ್ಪೊಂದರ ಸಾರಾಂಶವನ್ನು ಕನ್ನಡಕ್ಕೆ ತರುವಾಗ ಎದುರಾದ ತೊಡಕನ್ನು ಬಲ್ಲವರ ಮುಂದಿಡುತ್ತಿದ್ದೇನೆ. ಇಂಗ್ಲಿಷ್ ಮೂಲದಲ್ಲಿ ‘ಜೂರಿಸ್ಡಿಕ್ಷನ್’ (ದಾವೆಯನ್ನು ಕೇಳಿ ತೀರ್ಮಾನಿಸಲು ನ್ಯಾಯಾಲಯಕ್ಕಿರುವ ಅಧಿಕಾರ, ಅದರ ಎಲ್ಲೆ) ಎಂಬ ಪದ ಮೇಲಿಂದ ಮೇಲೆ ಬರುತ್ತಿತ್ತು. ರೂಢಿಯಂತೆ ಎಲ್ಲ ಕಡೆಯೂ ‘ನ್ಯಾಯವ್ಯಾಪ್ತಿ’ ಎಂದು ಬರೆದು, ಮರುದಿನ ಮೂಲವನ್ನು ಪಕ್ಕಕ್ಕಿಟ್ಟು ಓದಿದಾಗ ಅರ್ಧದಷ್ಟು ವಾಕ್ಯಗಳು ಸರಿಯಾಗಿ ಕೂತಿದ್ದವು. ಉಳಿದವುಗಳ ಅರ್ಥ ನನಗೇ ಆಗಲಿಲ್ಲ. ಆ ಉಳಿದ ವಾಕ್ಯಗಳಲ್ಲಿ ಕೆಟ್ಟದ್ದೇನು ಎಂಬುದೇ ನನ್ನ ಪ್ರಶ್ನೆಯ ಮೂಲ.

‘ಈ ದಾವೆಯು ನಮ್ಮ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತದೆ’ ಎಂಬ ವಾಕ್ಯದಲ್ಲಿ ಯಾರೂ ತಪ್ಪು ಹುಡುಕಲಾರರು. ಇಲ್ಲಿ ದಾವೆ ಒಳಗೆ ಬರುವ ವಸ್ತು, ವ್ಯಾಪ್ತಿ ಎಂಬುದು ಅದನ್ನು ಒಳಗೊಳ್ಳುವ ಆವರಣ. ಆದರೆ ‘ನ್ಯಾಯಾಲಯವು ತನ್ನ ವ್ಯಾಪ್ತಿಯನ್ನು ಚಲಾಯಿಸಿತು’ ಎಂದೊಡನೆ ಕನ್ನಡದ ಕಿವಿ ತಡವರಿಸುತ್ತದೆ, ಏಕೆಂದರೆ ನಾವು ಚಲಾಯಿಸುವುದು ಅಧಿಕಾರವನ್ನು, ಹುಕುಮನ್ನು, ಹೆಚ್ಚೆಂದರೆ ದರ್ಪವನ್ನು, ವ್ಯಾಪ್ತಿಯನ್ನಲ್ಲ. ಹಾಗೆಯೇ ವ್ಯಾಪ್ತಿಯನ್ನು ಯಾರಿಗೂ ಕೊಡಲಾಗದು, ಯಾರಿಂದಲೂ ಕಿತ್ತುಕೊಳ್ಳಲಾಗದು. ಅದು ಹಿಗ್ಗಬಹುದು, ಕುಗ್ಗಬಹುದು, ಅಷ್ಟೇ. ಸಂವಿಧಾನದ 143ನೆಯ ಅನುಚ್ಛೇದದಂತೆ ರಾಷ್ಟ್ರಪತಿಯವರು ಕೇಳಿದಾಗ ಸರ್ವೋಚ್ಚ ನ್ಯಾಯಾಲಯ ಅಭಿಪ್ರಾಯ ತಿಳಿಸುವುದನ್ನು ‘ಸಲಹಾ ವ್ಯಾಪ್ತಿ’ ಎಂದು ಬರೆದು ನೋಡಿದರೆ ಕೊರತೆ ಇನ್ನೂ ಎದ್ದು ಕಾಣುತ್ತದೆ. ಅಲ್ಲಿ ಹರಡಿಕೊಂಡಿರುವುದು ಏನೂ ಇಲ್ಲ, ಇರುವುದು ಸಲಹೆ ಕೊಡುವ ಅಧಿಕಾರ ಮಾತ್ರ.

ಲ್ಯಾಟಿನ್ ಮೂಲದಲ್ಲಿ ಈ ಪದದ ಅರ್ಥ ‘ನ್ಯಾಯವನ್ನು ನುಡಿಯುವುದು’. ಅಲ್ಲಿ ಮುಖ್ಯವಾದದ್ದು ನುಡಿಯುವ ಹಕ್ಕು. ಅದು ಎಲ್ಲಿಯವರೆಗೆ ನಡೆಯುತ್ತದೆ ಎಂಬ ಎಲ್ಲೆಯ ಅರ್ಥ ಆಮೇಲೆ ಸೇರಿಕೊಂಡದ್ದು. ನಮ್ಮ ‘ವ್ಯಾಪ್ತಿ’ಯ ಹುಟ್ಟು ಇದಕ್ಕೆ ತಿರುಗುಮುರುಗು: ಹರಡುವಿಕೆಯೇ ಅದರ ಮೂಲಾರ್ಥ, ಅಧಿಕಾರದ ಅರ್ಥವನ್ನು ನಾವು ಅದರ ಮೇಲೆ ಹೇರಿದ್ದೇವೆ. (ತರ್ಕಶಾಸ್ತ್ರದವರಿಗಂತೂ ವ್ಯಾಪ್ತಿ ಎಂದರೆ ಹೊಗೆಗೂ ಬೆಂಕಿಗೂ ಇರುವ ತಪ್ಪದ ನಂಟು. ಅವರ ಕೈಗೆ ನಮ್ಮ ಕಾನೂನು ಬರಹಗಳು ಸಿಗದಿರುವುದೇ ಒಳ್ಳೆಯದು.) ಇನ್ನು ‘ನ್ಯಾಯವ್ಯಾಪ್ತಿ’ ಎಂಬ ಸಮಾಸವನ್ನು ಬಿಡಿಸಿದರೆ ‘ನ್ಯಾಯದ ವ್ಯಾಪ್ತಿ’ ಎಂದಾಗುತ್ತದೆಯೇ ಹೊರತು ‘ನ್ಯಾಯಾಲಯದ ವ್ಯಾಪ್ತಿ’ ಎಂದಾಗುವುದಿಲ್ಲ. ‘ಈ ವಿಷಯದಲ್ಲಿ ನ್ಯಾಯವ್ಯಾಪ್ತಿ ಇಲ್ಲ’ ಎಂದು ಪತ್ರಿಕೆಯಲ್ಲಿ ಓದಿದವರು, ಅಲ್ಲಿಗೆ ನ್ಯಾಯವೇ ಮುಟ್ಟುವುದಿಲ್ಲ ಎಂದು ಭಾವಿಸಿದರೆ ತಪ್ಪು ಓದುಗರದಲ್ಲ.

ಇದು ಬರೀ ಶಬ್ದದ ಗೀಳು ಎಂದು ನೀವು ಹೇಳಬಹುದು. ಆದರೆ ಎಲ್ಲೆ ಮತ್ತು ಅಧಿಕಾರ ಇವೆರಡನ್ನು ಕಾನೂನು ಬೇರೆ ಬೇರೆಯಾಗಿ ನಡೆಸಿಕೊಳ್ಳುತ್ತದೆ, ಮತ್ತು ಆ ಭೇದದ ಮೇಲೆ ಡಿಕ್ರಿಯ (ದಾವೆಯನ್ನು ತೀರ್ಮಾನಿಸಿ ಕೊಟ್ಟ ಆದೇಶದ) ಅಳಿವು ಉಳಿವು ನಿಂತಿರುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೆಯ ಪ್ರಕರಣದ (ಸೆಕ್ಷನ್) ಪ್ರಕಾರ ಸ್ಥಿರಾಸ್ತಿಯ ದಾವೆಯನ್ನು ಸಾಮಾನ್ಯವಾಗಿ ಆಸ್ತಿ ಇರುವ ಕಡೆಯೇ ಹೂಡಬೇಕು. 20ನೆಯ ಪ್ರಕರಣದ ಪ್ರಕಾರ ಉಳಿದ ದಾವೆಗಳನ್ನು ಪ್ರತಿವಾದಿ ವಾಸಿಸುವ ಕಡೆ ಅಥವಾ ವ್ಯಾಜ್ಯಕಾರಣ (ದಾವೆಗೆ ಎಡೆಮಾಡಿದ ಸಂಗತಿ) ಪೂರ್ತಿಯಾಗಿಯೋ ಭಾಗಶಃವೋ ಹುಟ್ಟಿದ ಕಡೆ ಹೂಡಬಹುದು. ಇದು ಸ್ಥಳದ ಎಲ್ಲೆ. ದಾವೆಯನ್ನು ತಪ್ಪು ಸ್ಥಳದಲ್ಲಿ ಹೂಡಲಾಗಿದೆ ಎಂಬ ಆಕ್ಷೇಪವನ್ನು ಮೊದಲ ನ್ಯಾಯಾಲಯದಲ್ಲಿಯೇ, ಸಾಧ್ಯವಾದಷ್ಟು ಬೇಗನೆ, ವಿವಾದಾಂಶಗಳನ್ನು ರೂಪಿಸುವುದರೊಳಗೆ ಎತ್ತದಿದ್ದರೆ, ಅಥವಾ ಅದರಿಂದ ನ್ಯಾಯಕ್ಕೆ ಚ್ಯುತಿಯಾಗಿರದಿದ್ದರೆ, ಮೇಲಿನ ನ್ಯಾಯಾಲಯ ಅದಕ್ಕೆ ಕಿವಿಗೊಡುವುದಿಲ್ಲ ಎಂದು 21ನೆಯ ಪ್ರಕರಣ ಹೇಳುತ್ತದೆ. ದಾವೆಯ ಮೌಲ್ಯದ ಎಲ್ಲೆಗೂ ಇದೇ ನಿಯಮವನ್ನು 1976ರ ತಿದ್ದುಪಡಿ ಆ ಪ್ರಕರಣದಲ್ಲಿಯೇ ಸೇರಿಸಿತು. ಆದರೆ ವಿಷಯವನ್ನೇ ವಿಚಾರಿಸುವ ಅಧಿಕಾರವಿಲ್ಲದ ನ್ಯಾಯಾಲಯ ಕೊಟ್ಟ ಡಿಕ್ರಿಯ ಗತಿ ಬೇರೆ. ಅಂಥದ್ದು ಶೂನ್ಯ, ಅದನ್ನು ಯಾವ ಹಂತದಲ್ಲಾದರೂ, ಅಮಲ್ಜಾರಿಯ (ಡಿಕ್ರಿಯನ್ನು ಜಾರಿಗೆ ತರುವ) ಹೊತ್ತಿನಲ್ಲಿಯೂ ಪ್ರಶ್ನಿಸಬಹುದು ಎಂಬ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯ 1954ರ ಕಿರಣ್ ಸಿಂಗ್ ವಿರುದ್ಧ ಚಮನ್ ಪಾಸ್ವಾನ್ ಮೊಕದ್ದಮೆಯಲ್ಲಿ ಸ್ಪಷ್ಟವಾಗಿ ಹೇಳಿದೆ. ಸುಮ್ಮನಿದ್ದರೆ ಮಾಫಿಯಾಗುವ ದೋಷಕ್ಕೂ ಎಂದಿಗೂ ಮಾಫಿಯಾಗದ ದೋಷಕ್ಕೂ ನಾವು ‘ನ್ಯಾಯವ್ಯಾಪ್ತಿಯ ಕೊರತೆ’ ಎಂಬ ಒಂದೇ ಹೆಸರಿಡುತ್ತಿದ್ದೇವೆ. ಇಂಗ್ಲಿಷಿನವರೂ ಒಂದೇ ಪದವನ್ನು ಬಳಸುತ್ತಾರೆ, ನಿಜ. ಅವರ ಗೊಂದಲವನ್ನು ನಾವೂ ಎರವಲು ತರಬೇಕೇ?

ಒಂದೇ ವಾಕ್ಯದಲ್ಲಿ ಎರಡೂ ಅರ್ಥಗಳು ಹೆಣೆದುಕೊಂಡಾಗ ಅನುವಾದಕರ ಪಾಡು ಹೇಳತೀರದು. ಉಚ್ಚ ನ್ಯಾಯಾಲಯಗಳ ರಿಟ್ (ಸರ್ಕಾರಕ್ಕೆ, ಅಧಿಕಾರಿಗಳಿಗೆ ಕೊಡುವ ಆಜ್ಞೆ) ಅಧಿಕಾರವನ್ನು ಹೇಳುವ 226ನೆಯ ಅನುಚ್ಛೇದದಲ್ಲಿ, ಪ್ರತಿ ಉಚ್ಚ ನ್ಯಾಯಾಲಯವು ಯಾವ ಪ್ರದೇಶಗಳಿಗೆ ಸಂಬಂಧಿಸಿ ಜೂರಿಸ್ಡಿಕ್ಷನ್ ಚಲಾಯಿಸುತ್ತದೆಯೋ ಆ ಪ್ರದೇಶಗಳಾದ್ಯಂತ ರಿಟ್ ಹೊರಡಿಸಬಹುದು ಎಂಬ ಮಾತು ಬರುತ್ತದೆ. ಇಲ್ಲಿ ‘ವ್ಯಾಪ್ತಿ’ ಎಂದು ಬರೆದರೆ ಪ್ರದೇಶವನ್ನೇ ಎರಡು ಸಲ ಹೇಳಿದಂತಾಗುತ್ತದೆ. ‘ಅಧಿಕಾರ’ ಎಂದು ಬರೆದರೆ ವಾಕ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಅದೇ ಅನುಚ್ಛೇದದ ಕಥೆಯಲ್ಲಿ ‘ವ್ಯಾಪ್ತಿ’ಯೇ ಸರಿಹೊಂದುವ ಜಾಗವೂ ಇದೆ. ದೆಹಲಿಯಲ್ಲಿ ಕಚೇರಿ ಇರುವ ಚುನಾವಣಾ ಆಯೋಗಕ್ಕೆ ಮದರಾಸಿನ ಉಚ್ಚ ನ್ಯಾಯಾಲಯ ರಿಟ್ ಕೊಡಲಾಗದು ಎಂದು 1953ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತ್ತು. ಹತ್ತು ವರ್ಷಗಳ ಬಳಿಕ 15ನೆಯ ತಿದ್ದುಪಡಿಯು, ವ್ಯಾಜ್ಯಕಾರಣದ ಒಂದು ಭಾಗ ಹುಟ್ಟಿದ ಕಡೆಯ ಉಚ್ಚ ನ್ಯಾಯಾಲಯವೂ ರಿಟ್ ಹೊರಡಿಸಬಹುದು ಎಂದು ಮಾಡಿತು. ರಿಟ್ ಕೊಡುವ ಅಧಿಕಾರ ಮೊದಲೂ ಇತ್ತು, ಈಗಲೂ ಅದೇ ಇದೆ. ಹಿಗ್ಗಿದ್ದು ವ್ಯಾಪ್ತಿ.

ಪೊಲೀಸರ ಕನ್ನಡ ಈ ವಿಷಯದಲ್ಲಿ ನಮಗಿಂತ ಜಾಣತನ ತೋರಿಸಿದೆ. ಅವರು ‘ಠಾಣಾ ಸರಹದ್ದು’ ಎನ್ನುತ್ತಾರೆ. ಆ ಪದದಲ್ಲಿ ಎಲ್ಲೆಯ ಅರ್ಥವಲ್ಲದೆ ಮತ್ತೊಂದು ನುಸುಳಲು ಎಡೆಯೇ ಇಲ್ಲ. ಅಪರಾಧ ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ಸಂಜ್ಞೇಯ (ವಾರಂಟಿಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧದ ಮಾಹಿತಿಯನ್ನು ಯಾವುದೇ ಠಾಣೆ ದಾಖಲಿಸಿಕೊಳ್ಳಬೇಕು ಎಂಬ ನಿಯಮವನ್ನು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣ ಹೇಳುತ್ತದೆ. ಇದನ್ನು ವಿವರಿಸುವಾಗ ‘ಸರಹದ್ದು ಯಾವುದೇ ಇರಲಿ’ ಎಂದರೆ ಎಂಥವರಿಗೂ ತಿಳಿಯುತ್ತದೆ.

ಹಾಗಾದರೆ ಅಧಿಕಾರದ ಅರ್ಥಕ್ಕೆ ಯಾವ ಪದ? ‘ಅಧಿಕಾರವ್ಯಾಪ್ತಿ’ ಎಂಬುದು ಎರಡನ್ನೂ ಒಂದೇ ಚೀಲಕ್ಕೆ ತುರುಕಿದ ಪದ. ಎರಡರ ನಡುವಿನ ಭೇದವನ್ನೇ ಹೇಳಬೇಕಾದಾಗ ಅದು ಕೈಕೊಡುತ್ತದೆ. ಹಿಂದಿಯ ಕಾನೂನಿನಲ್ಲಿರುವ ‘ಅಧಿಕಾರಿತಾ’ ಚಿಕ್ಕದಾಗಿದ್ದರೂ ಕನ್ನಡದಲ್ಲಿ ಅಧಿಕಾರಿಯ ಗುಣ ಎಂಬಂತೆ ಕೇಳುತ್ತದೆ. ‘ನ್ಯಾಯಾಧಿಕಾರ’ ನನಗೆ ಹಿಡಿಸಿತ್ತು, ಆದರೆ ‘ನ್ಯಾಯಾಧಿಕರಣ’ದ (ಟ್ರಿಬ್ಯುನಲ್) ಪಕ್ಕದಲ್ಲಿ ಅದನ್ನು ಅಚ್ಚಿನ ದೋಷವೆಂದೇ ತಿದ್ದಿಬಿಡುವವರಿದ್ದಾರೆ. ಕೊನೆಗೆ ನಾನು ಬಳಸಿದ್ದು ‘ವಿಚಾರಣಾಧಿಕಾರ’. ‘ಈ ನ್ಯಾಯಾಲಯಕ್ಕೆ ವಿಚಾರಣಾಧಿಕಾರವಿಲ್ಲ’ ಎಂಬ ವಾಕ್ಯ ಕನ್ನಡದ್ದಾಗಿಯೇ ಕೇಳುತ್ತದೆ. ಪಕ್ಷಕಾರರು ಒಪ್ಪಿಕೊಂಡ ಮಾತ್ರಕ್ಕೆ ವಿಚಾರಣಾಧಿಕಾರವಿಲ್ಲದ ನ್ಯಾಯಾಲಯಕ್ಕೆ ಅದು ಬರುವುದಿಲ್ಲ, ಎರಡು ನ್ಯಾಯಾಲಯಗಳಿಗೆ ಅದು ಇದ್ದಾಗ ಒಂದನ್ನು ಆರಿಸಿಕೊಳ್ಳಬಹುದು ಎಂಬ, 1971ರ ಹಕಮ್ ಸಿಂಗ್ ಮೊಕದ್ದಮೆಯ ನಿಯಮವನ್ನೂ ಅದರಲ್ಲಿ ತೊಡಕಿಲ್ಲದೆ ಹೇಳಬಹುದು.

ಆದರೂ ಎರಡು ಅಳುಕು ಉಳಿದಿವೆ. ‘ವಿಚಾರಣೆ’ ಎಂಬ ಮಾತು ಪೊಲೀಸರು ನಡೆಸುವ ಪ್ರಶ್ನೋತ್ತರಕ್ಕೂ, ಇಲಾಖೆಯೊಳಗಿನ ತನಿಖೆಗೂ, ನ್ಯಾಯಾಲಯದ ಕಲಾಪಕ್ಕೂ ಸಲ್ಲುತ್ತಿರುವುದರಿಂದ, ‘ವಿಚಾರಣಾಧಿಕಾರ’ ಎಂದೊಡನೆ ‘ವಿಚಾರಣಾಧಿಕಾರಿ’ ಎಂಬ ಇಲಾಖಾ ಹುದ್ದೆ ನೆನಪಿಗೆ ಬರುತ್ತದೆ. ಎರಡನೆಯದಾಗಿ, ಮೇಲ್ಮನವಿಯ ಸಂದರ್ಭದಲ್ಲಿ ಇದು ಪೂರ್ತಿ ಒಗ್ಗುವುದಿಲ್ಲ. ‘ಮೇಲ್ಮನವಿ ವಿಚಾರಣಾಧಿಕಾರ’ ಎಂಬುದು ಉಸಿರುಕಟ್ಟಿಸುವ ಪದ. ಅಲ್ಲಿ ನಾನು ನಾಮಪದದ ಹಟ ಬಿಟ್ಟು ‘ಮೇಲ್ಮನವಿಯನ್ನು ಆಲಿಸುವ ಅಧಿಕಾರ’ ಎಂದೇ ಬರೆದಿದ್ದೇನೆ.

ನ್ಯಾಯಾಲಯಗಳಲ್ಲಿ ಕನ್ನಡದಲ್ಲಿಯೇ ದಾವೆ, ತಕರಾರು ಬರೆಯುವ ವಕೀಲರು ಮತ್ತು ಕನ್ನಡದಲ್ಲಿ ತೀರ್ಪು ಬರೆದ ಅನುಭವವಿರುವವರು ಇದಕ್ಕೆ ದಯವಿಟ್ಟು ಉತ್ತರಿಸಬೇಕು: ವಿಷಯದ ಮೇಲಿನ ಅಧಿಕಾರವೇ ಇಲ್ಲ ಎಂಬ ಆಕ್ಷೇಪವನ್ನು, ಸ್ಥಳದ ಎಲ್ಲೆಯ ಆಕ್ಷೇಪದಿಂದ ಬೇರ್ಪಡಿಸಿ, ನೀವು ಯಾವ ಮಾತುಗಳಲ್ಲಿ ಬರೆಯುತ್ತೀರಿ? ಮುಖತ್ಯಾರನಾಮೆಯಲ್ಲಿ (ಅಧಿಕಾರ ಪತ್ರ) ಉಳಿದುಕೊಂಡಿರುವ ‘ಮುಖತ್ಯಾರ’ದ ಧಾತುವಿನಿಂದಲೇ ಬಂದ ‘ಅಖತ್ಯಾರ’ ಎಂಬ ಪದವನ್ನು ಹಳೆಯ ಕಚೇರಿ ಕಾಗದಗಳಲ್ಲಿ ಈ ಅರ್ಥದಲ್ಲಿ ಕಂಡವರಿದ್ದರೆ, ಆ ವಾಕ್ಯವನ್ನು ಇದ್ದಂತೆಯೇ ಇಲ್ಲಿ ಹಂಚಿಕೊಳ್ಳಬೇಕೆಂದು ಕೋರುತ್ತೇನೆ.